ಕಡಲ ಆಟಕ್ಕೆ ಹಡಗು ಹುಡುಕಿದ್ದು: ನಕ್ಷೆಯೋ, ಮುಳುಗಿದ ಹಡಗೋ, ಲಾಗ್‌ಬುಕ್ಕೋ?

ಎರಡನೇ ಸೆಷನ್‌ನಲ್ಲೇ ನಾನು ಸಿಕ್ಕಿಬಿದ್ದೆ. ನಮ್ಮದು ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಹಾಕಿ ಆಡುವ ರೋಲ್‌ಪ್ಲೇ ಆಟ; ಕಥೆ ನಡೆಸುವುದು ನಾನು. ಕಥೆ ನಡೆಯುವುದು 1717ರ ಕೆರಿಬಿಯನ್ ಕಡಲಿನಲ್ಲಿ. ಆಟಗಾರರು ನಾಲ್ವರು, ಎಲ್ಲರೂ ಕಡಲ್ಗಳ್ಳರು. ಒಂದು ಸರಕಿನ ಹಡಗು ಕೈಗೆ ಸಿಕ್ಕಿತು. ಆಗ ಒಬ್ಬಳು ಕೇಳಿದಳು: "ಇದನ್ನ ಓಡಿಸೋಕೆ ಎಷ್ಟು ಜನ ಬೇಕು?" ನನ್ನ ನಿಯಮಪುಸ್ತಕದಲ್ಲಿ ಹಡಗಿನ ವೇಗ ಇತ್ತು, ಎಷ್ಟು ಏಟು ತಡೆಯುತ್ತದೆ ಅನ್ನುವ ಅಂಕ ಇತ್ತು. ಅಷ್ಟೇ. "ಹನ್ನೆರಡು" ಅಂದುಬಿಟ್ಟೆ. ಸುಮ್ನೆ ಬಾಯಿಗೆ ಬಂದ ಸಂಖ್ಯೆ.

ಆಮೇಲೆ ಮೂರು ತಿಂಗಳು ಹಳೆಯ ಹಡಗುಗಳ ಬೆನ್ನು ಹತ್ತಿದೆ. ನಾಲ್ಕು ದಾರಿ ನೋಡಿದೆ. ಎಲ್ಲದಕ್ಕೂ ನನ್ನ ಪರೀಕ್ಷೆ ಒಂದೇ: ಆಟಗಾರರು ಕೇಳುವ ಪ್ರಶ್ನೆಗೆ ಉತ್ತರ ಸಿಗುತ್ತದಾ? ಓಡಿಸಲು ಎಷ್ಟು ಜನ, ಬಚ್ಚಿಟ್ಟುಕೊಳ್ಳಲು ಎಲ್ಲಿ ಜಾಗ, ಯಾವಾಗ ತಲುಪುತ್ತೇವೆ.

ಮೊದಲು ಮರುಳಾಗಿದ್ದು ಯುದ್ಧಹಡಗುಗಳ ನಕ್ಷೆಗೆ. ಬ್ರಿಟಿಷ್ ನೌಕಾಪಡೆಯ ಹಳೆಯ ಹಡಗು-ನಕ್ಷೆಗಳ ದೊಡ್ಡ ಸಂಗ್ರಹ ಗ್ರೀನಿಚ್‌ನ ರಾಷ್ಟ್ರೀಯ ಕಡಲ ಮ್ಯೂಸಿಯಂನಲ್ಲಿದೆ. ಎಂಥ ಚೆಂದದ ಗೆರೆಗಳು! 28 ಫಿರಂಗಿಗಳ ಒಂದು ಫ್ರಿಗೇಟ್ ಆರಿಸಿಕೊಂಡು, ಎರಡು ವಾರಾಂತ್ಯ ಕೂತು ಆಟಕ್ಕೆಂದು ಅದರ ಮೇಲೆ ಚೌಕಳಿ ಹಾಕಿದೆ. ಆಮೇಲೆ ತಿಳಿಯಿತು, ಅಂಥ ಹಡಗಿಗೆ ಸುಮಾರು 200 ಜನ ಬೇಕು. ನಾಲ್ವರು ಆಟಗಾರರು ಆ ಗುಂಪಿನಲ್ಲಿ ಕಳೆದೇಹೋಗುತ್ತಾರೆ. ಒಬ್ಬ ಕ್ಯಾಪ್ಟನ್ ಆದರೆ ಉಳಿದ ಮೂವರು ಪ್ರೇಕ್ಷಕರು. ಇನ್ನೊಂದು ತೊಂದರೆಯೂ ಇದೆ. ಈ ನಕ್ಷೆಗಳು ಹಡಗಿನ ಮೈಯ ಬಾಗು ತೋರಿಸಲು ಹಡಗು ಕಟ್ಟುವವರಿಗೆಂದು ಬರೆದವು. ಅಡುಗೆ ಎಲ್ಲಿ, ಜಗಳ ಎಲ್ಲಿ ಅಂತ ಹುಡುಕಿದರೆ ನಿರಾಸೆ. ಗೋಡೆಗೆ ಹಾಕಲು ಮಾತ್ರ ಒಳ್ಳೆಯದು. ನಾನೂ ಹಾಗೇ ಮಾಡಿದ್ದೇನೆ.

ಸ್ವೀಡನ್ನಿನ ಹಡಗು ವಿನ್ಯಾಸಕಾರ ಚಾಪ್‌ಮನ್ 1768ರಲ್ಲಿ ಹೊರತಂದ ನಕ್ಷೆಗಳ ಪುಸ್ತಕ ಇದಕ್ಕಿಂತ ಎಷ್ಟೋ ವಾಸಿ. ಅದರಲ್ಲಿ ಸರಕಿನ ಹಡಗು, ಅಂಚೆ ಹಡಗು, ಬರ್ಮುಡಾ ಸ್ಲೂಪ್ (ಒಂದೇ ಕಂಬದ ಚಿಕ್ಕ, ವೇಗದ ಹಾಯಿಹಡಗು) ಎಲ್ಲ ಇವೆ. ನನ್ನ ಕಥೆಗೂ ಅದಕ್ಕೂ 50 ವರ್ಷ ಅಂತರ, ನಿಜ. ಮೇಜಿನ ಸುತ್ತ ಕೂತವರು ಯಾರೂ ಅದನ್ನು ಕೇಳಲಿಲ್ಲ. ನಮ್ಮ ಸ್ಲೂಪ್ ಬಂದದ್ದು ಅಲ್ಲಿಂದಲೇ.

ಮುಳುಗಿದ ಹಡಗುಗಳ ವಿಷಯ ಬೇರೆ. ಸ್ವೀಡನ್ನಿನ ಯುದ್ಧಹಡಗು 'ವಾಸಾ' 1628ರಲ್ಲಿ ತನ್ನ ಮೊದಲ ಯಾನದಲ್ಲೇ, ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲೇ ಮುಳುಗಿತು. 1961ರಲ್ಲಿ ಒಳಗಿನ ಸಾಮಾನು ಸಮೇತ ಮೇಲೆತ್ತಿದರು. ನನ್ನ ಕಾಲವೂ ಅಲ್ಲ, ನನ್ನ ಕಡಲೂ ಅಲ್ಲ. ಆದರೂ ಖಲಾಸಿಯೊಬ್ಬನ ಪೆಟ್ಟಿಗೆಯಲ್ಲಿ ಏನಿರಬಹುದು ಅಂತ ಊಹಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ.

'ವೈಡಾ' ಮಾತ್ರ ಕರೆಕ್ಟಾಗಿ ನನ್ನ ಕಾಲದ್ದು. ಗುಲಾಮರನ್ನು ಸಾಗಿಸಲು ಕಟ್ಟಿದ ಹಡಗದು. ಸ್ಯಾಮ್ಯುಯೆಲ್ ಬೆಲಮಿಯ ಕಡಲ್ಗಳ್ಳರು ಹಿಡಿದರು. 1717ರ ಏಪ್ರಿಲ್‌ನಲ್ಲಿ ಈಗಿನ ಅಮೆರಿಕದ ಕೇಪ್ ಕಾಡ್ ಬಳಿ ಬಿರುಗಾಳಿಗೆ ಸಿಕ್ಕಿ ಒಡೆಯಿತು. ಅದರಲ್ಲಿದ್ದವರಲ್ಲಿ ಬದುಕಿದವರು ಇಬ್ಬರೇ. 1984ರಲ್ಲಿ ಅವಶೇಷ ಸಿಕ್ಕಿತು. ಅದರಲ್ಲಿ ಒಂದು ಶೂ, ರೇಷ್ಮೆ ಕಾಲುಚೀಲ, ಜೊತೆಗೆ ಪುಟ್ಟ ಕಾಲಿನ ಮೂಳೆ. ಕಡಲ್ಗಳ್ಳರ ಜೊತೆ ಸೇರಿಕೊಂಡಿದ್ದ ಜಾನ್ ಕಿಂಗ್ ಎಂಬ ಹುಡುಗನದಿರಬೇಕು ಅನ್ನುತ್ತಾರೆ. ಇದನ್ನು ಹೇಳಿದ ದಿನ ನಮ್ಮ ಮೇಜಿನಲ್ಲಿ ನಗು ನಿಂತಿತು. ಮುಂದಿನ ಸೆಷನ್‌ನಲ್ಲಿ ಒಬ್ಬ ಹುಡುಗ "ನನ್ನನ್ನೂ ಕರಕೊಂಡು ಹೋಗಿ" ಅಂದಾಗ, ನಾಲ್ವರೂ ಅವನನ್ನು ದಡದಲ್ಲೇ ಬಿಟ್ಟರು. ಇಂಥ ಹಡಗಿನ ಕೆಳಗಿನ ಡೆಕ್‌ನಲ್ಲಿ ಮೊದಲು ಯಾರನ್ನು ತುಂಬಿದ್ದರು ಅನ್ನುವುದನ್ನು ಕಥೆಯಿಂದ ಅಳಿಸಬಾರದು ಅಂತಲೂ ಆವತ್ತೇ ಮಾತಾಡಿಕೊಂಡೆವು. ಮನಸ್ಸಿಗೆ ನಾಟುವುದರಲ್ಲಿ ಮುಳುಗಿದ ಹಡಗಿಗೆ ಸಾಟಿಯಿಲ್ಲ. ಆದರೆ ಯಾವಾಗ ತಲುಪುತ್ತೇವೆ ಅಂತ ಅದು ಹೇಳುವುದಿಲ್ಲ.

ಅದನ್ನು ಹೇಳಿದ್ದು ಲಾಗ್‌ಬುಕ್, ಅಂದರೆ ಹಡಗಿನ ದಿನಚರಿ ಪುಸ್ತಕ. ಓದಲು ಇದರಷ್ಟು ಬೋರ್ ಇನ್ನೊಂದಿಲ್ಲ: ಗಾಳಿ, ದಿಕ್ಕು, ವೇಗ, ಮತ್ತೆ ಗಾಳಿ. ಮಜಾ ಏನೆಂದರೆ, ನನಗೆ ಹೆಚ್ಚು ನೆರವಾಗಿದ್ದು ಹವಾಮಾನ ಸಂಶೋಧಕರು. 1750ರಿಂದ 1850ರವರೆಗಿನ ಬ್ರಿಟಿಷ್, ಡಚ್, ಫ್ರೆಂಚ್, ಸ್ಪ್ಯಾನಿಷ್ ಲಾಗ್‌ಬುಕ್‌ಗಳಿಂದ ಗಾಳಿಯ ವಿವರ ತೆಗೆದು 'ಕ್ಲಿವಾಕ್' ಎಂಬ ದತ್ತಾಂಶ ಮಾಡಿಟ್ಟಿದ್ದಾರೆ. ಕೆರಿಬಿಯನ್ ಸಾಲುಗಳನ್ನಷ್ಟೇ ಆರಿಸಿ, ಎರಡು ದಾಳಕ್ಕೆ ಹೊಂದುವ ಗಾಳಿಪಟ್ಟಿ ಮಾಡಿದೆ. ಹೆಚ್ಚಿನ ದಿನ ಗಾಳಿ ಬೀಸುವುದು ಪೂರ್ವದಿಂದ, ಇಲ್ಲವೇ ಈಶಾನ್ಯದಿಂದ.

ಅಷ್ಟಕ್ಕೇ ಆಟ ಬದಲಾಯಿತು. ಚೌಕ ಹಾಯಿಯ ಹಡಗು ಗಾಳಿ ಬರುವ ದಿಕ್ಕಿಗೆ 67 ಡಿಗ್ರಿಗಿಂತ ಹತ್ತಿರ ಹೋಗುವುದು ಕಷ್ಟ. ಸ್ಲೂಪ್ ಇನ್ನೂ ಹತ್ತಿರ ಹೋಗಬಲ್ಲದು. ಹಾಗಾಗಿ ದೊಡ್ಡ ಯುದ್ಧಹಡಗು ಬೆನ್ನಟ್ಟಿದರೆ ನಮ್ಮವರು ಪೂರ್ವಕ್ಕೆ ತಿರುಗಿಸುತ್ತಾರೆ, ತಪ್ಪಿಸಿಕೊಳ್ಳುತ್ತಾರೆ. ಪ್ರಯಾಣದ ಲೆಕ್ಕವೂ ಸುಲಭವಾಯಿತು: 5 ನಾಟ್ ವೇಗ, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ, ದಿನಕ್ಕೆ 120. ಇನ್ನು ರೇಖಾಂಶ, ಅಂದರೆ ಪೂರ್ವ-ಪಶ್ಚಿಮದಲ್ಲಿ ಎಲ್ಲಿದ್ದೇವೆ ಅನ್ನುವ ಲೆಕ್ಕ. ಅದನ್ನು ಕಡಲಲ್ಲಿ ಕಂಡುಹಿಡಿಯುವ ದಾರಿಗೆ ಬ್ರಿಟಿಷ್ ಪಾರ್ಲಿಮೆಂಟ್ 1714ರಲ್ಲಿ 20,000 ಪೌಂಡ್‌ವರೆಗೆ ಬಹುಮಾನ ಇಟ್ಟಿತ್ತು. 1717ರಲ್ಲಿ ಇನ್ನೂ ಎಲ್ಲ ಅಂದಾಜೇ. ಹಾಗಾಗಿ ಹಡಗು ಎಲ್ಲಿದೆ ಅನ್ನುವುದನ್ನು ನಾನು ಗುಟ್ಟಾಗಿ ದಾಳ ಹಾಕಿ ಸ್ವಲ್ಪ ಆಚೀಚೆ ಮಾಡುತ್ತೇನೆ. ದ್ವೀಪ ಇರಬೇಕಾದ ಕಡೆ ಬರೀ ನೀರು ಕಂಡಾಗ ಅವರ ಮುಖ ನೋಡಬೇಕು!

ಲಾಗ್‌ಬುಕ್ಕಿನ ದೋಷ, ಅದು ಹಡಗಿನ ಒಳಗನ್ನು ತೋರಿಸುವುದಿಲ್ಲ. ಈಗ ಸ್ಲೂಪ್‌ನ ಮೈ ಚಾಪ್‌ಮನ್ನನದು, ಪೆಟ್ಟಿಗೆಯೊಳಗಿನ ಸಾಮಾನು 'ವಾಸಾ', 'ವೈಡಾ'ದ್ದು, ದಾಳ ಲಾಗ್‌ಬುಕ್ಕಿನದು. ಒಂದನ್ನೇ ಉಳಿಸಿಕೊಳ್ಳಿ ಅಂದರೆ ಲಾಗ್‌ಬುಕ್.

ಅಂದಹಾಗೆ, ಆ ಹನ್ನೆರಡು. ಆ ಕಾಲದ ವ್ಯಾಪಾರಿ ಹಡಗುಗಳ ಬಗ್ಗೆ ಇತಿಹಾಸಕಾರರು ಬರೆದದ್ದನ್ನೂ ಓದಿದೆ. 200 ಟನ್ನಿನ ಹಡಗನ್ನು ಸುಮಾರು 15 ಜನ ನಡೆಸುತ್ತಿದ್ದರು. ನನ್ನ ಸುಳ್ಳು ಅಷ್ಟೇನೂ ಸುಳ್ಳಲ್ಲ, ಅಲ್ವಾ?

ಮುಂದಿನ ವಾರ ನಮ್ಮವರು ಸ್ಲೂಪನ್ನು ಮರಳಿಗೆ ಎಳೆದು, ಮಗ್ಗುಲಿಗೆ ಮಲಗಿಸಿ, ತಳಕ್ಕೆ ಅಂಟಿದ ಪಾಚಿ, ಚಿಪ್ಪುಗಳನ್ನು ಕೆರೆಯುತ್ತಾರಂತೆ. ಫಿರಂಗಿಗಳೆಲ್ಲ ಆಗಲೇ ದಡಕ್ಕೆ ಇಳಿದಿವೆ. ಗಾಳಿಯ ದಾಳವನ್ನು ನಾನು ನಿನ್ನೆ ರಾತ್ರಿಯೇ ಹಾಕಿ ನೋಡಿದೆ. ಪೂರ್ವದ ಗಾಳಿ. ಅದರ ಜೊತೆ ಬರುತ್ತಿರುವ ಹಾಯಿ ಅವರಿಗಿನ್ನೂ ಕಂಡಿಲ್ಲ.