ಹಡ್ಸನ್ ನದಿಯ ಮೇಲೆ ಮೂರು ದಾರಿ: ಕೆಳಗಿನ ಓಣಿ, ನಡುವಿನ ದಾರಿ, ಮೇಲಿನ ದಾರಿ

ನ್ಯೂಯಾರ್ಕ್ ಆಕಾಶ ಅಂದ್ರೆ ಹೊಸ ಪೈಲಟ್‌ಗಳು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಜೆಎಫ್‌ಕೆ, ಲಗಾರ್ಡಿಯಾ, ನೆವಾರ್ಕ್ ಮೂರೂ ಒಂದರ ಪಕ್ಕ ಒಂದು ಕೂತಿವೆ. ಅವುಗಳ ಸುತ್ತ ಕ್ಲಾಸ್ ಬ್ರಾವೋ, ಅಂದರೆ ನೆಲದಲ್ಲಿ ಕೂತ ಕಂಟ್ರೋಲರ್‌ಗಳ ಹಿಡಿತದಲ್ಲಿರುವ ಆಕಾಶ. ಏರ್‌ಪೋರ್ಟ್ ಹತ್ತಿರ ನೆಲದಿಂದಲೇ ಶುರುವಾಗುತ್ತದೆ, ದೂರ ಹೋದ ಹಾಗೆ ಅದರ ತಳ ಮೇಲೇರುತ್ತದೆ. ಮೇಲಿನ ಗಡಿ 7,000 ಅಡಿ. ಕಂಟ್ರೋಲರ್ ಬಾಯಿಂದ ಅನುಮತಿ ಬರದೆ ಒಳಗೆ ಕಾಲಿಡುವ ಹಾಗಿಲ್ಲ. ಆದರೆ ಇದೇ ಬ್ರಾವೋ ನಡುವೆ, ಮ್ಯಾನ್‌ಹಟನ್‌ಗೆ ಅಂಟಿಕೊಂಡೇ, ಯಾರನ್ನೂ ಕೇಳದೆ ಹಾರಬಹುದಾದ ಒಂದು ಓಣಿ ಇದೆ ಅಂದ್ರೆ ಊರಿನ ಗೆಳೆಯರು ನಂಬುವುದಿಲ್ಲ.

ನಾನು ಸೆಂಟ್ರಲ್ ಜರ್ಸಿಯ ಒಂದು ಸಣ್ಣ ಏರ್‌ಪೋರ್ಟ್‌ನಿಂದ ಬಾಡಿಗೆ ಸೆಸ್ನಾ 172, ಅಂದರೆ ಸ್ಕೈಹಾಕ್ ಅನ್ನುವ ನಾಲ್ಕು ಸೀಟಿನ ಸಣ್ಣ ವಿಮಾನ, ಹಾರಿಸುವವನು. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ವಾರಾಂತ್ಯಕ್ಕೆ ವಿಮಾನ. ನಮ್ಮ ಏರ್‌ಪೋರ್ಟಲ್ಲಿ ಶನಿವಾರ ಬೆಳಗ್ಗೆ ಸೇರುವ ಒಂದು ಗುಂಪಿದೆ. ಇಬ್ಬರು ಕನ್ನಡದವರು, ಒಬ್ಬ ತೆಲುಗಿನವನು, ಒಬ್ಬರು ರಿಟೈರ್ ಆದ ಅಮೆರಿಕನ್ ಮೇಷ್ಟ್ರು. "ಹಡ್ಸನ್‌ಗೆ ಯಾವ ದಾರೀಲಿ ಹೋಗೋದು" ಅನ್ನುವ ಜಗಳ ಕಾಫಿ ಮುಗಿಯುವವರೆಗೂ ನಡೆಯುತ್ತದೆ. ಮೂರೂ ದಾರಿಯಲ್ಲಿ ಹೋಗಿ ಬಂದಿದ್ದೇನೆ. ನನಗನ್ನಿಸಿದ್ದನ್ನು ಬರೆಯುತ್ತೇನೆ.

ಕೆಳಗಿನ ಓಣಿ: ಹಡ್ಸನ್ ಎಕ್ಸ್‌ಕ್ಲೂಷನ್

ನದಿಯ ಮೇಲೆ, 1,300 ಅಡಿಗಿಂತ ಕೆಳಗೆ, ಬ್ರಾವೋದಿಂದ ಕತ್ತರಿಸಿ ಬಿಟ್ಟ ಜಾಗ ಇದು. ಇಲ್ಲಿ ಕಂಟ್ರೋಲರ್ ಇಲ್ಲ. ಅನುಮತಿ ಬೇಕಿಲ್ಲ. ಹಾಗಂತ ನಿಯಮ ಇಲ್ಲ ಅಂದುಕೊಳ್ಳಬೇಡಿ. ಮೂರೂ ದಾರಿಗಳಲ್ಲಿ ಅತಿ ಜಾಸ್ತಿ ನಿಯಮ ಇರುವುದು ಇಲ್ಲೇ.

ಸುಮ್ನೆ ಹಾದು ಹೋಗುವವರು 1,000 ಅಡಿಯಿಂದ 1,300ರ ಒಳಗೆ ಇರಬೇಕು. ಲಿಬರ್ಟಿ ಪ್ರತಿಮೆ ಸುತ್ತ ಸುತ್ತುವವರು, ಹೆಲಿಕಾಪ್ಟರ್‌ನವರು 1,000ಕ್ಕಿಂತ ಕೆಳಗೆ. ವೇಗ 140 ನಾಟ್ ದಾಟಬಾರದು. ನಮ್ಮ 172ಗೆ ಆ ಚಿಂತೆಯೇ ಇಲ್ಲ ಬಿಡಿ! ದೀಪ ಎಲ್ಲಾ ಹೊತ್ತಿರಬೇಕು. ನ್ಯೂಯಾರ್ಕ್‌ನ ಹೊಸ ಟ್ಯಾಕ್ ಚಾರ್ಟ್ (ಪೈಲಟ್‌ಗಳ ನಕ್ಷೆ) ವಿಮಾನದಲ್ಲಿರಬೇಕು. ಯಾವಾಗಲೂ ನದಿಯ ಬಲದಂಡೆ ಹಿಡಿಯಬೇಕು, ಅಂದರೆ ನೀವು ಹೋಗುವ ದಿಕ್ಕಿಗೆ ಬಲಗಡೆ. ಮತ್ತೆ ಗೊತ್ತುಮಾಡಿದ ಜಾಗ ಬಂದಾಗಲೆಲ್ಲ ರೇಡಿಯೋದ 123.05 ಫ್ರೀಕ್ವೆನ್ಸಿಯಲ್ಲಿ ನೀವಾಗಿಯೇ ಕೂಗಿ ಹೇಳಬೇಕು: ಯಾವ ವಿಮಾನ, ಎಲ್ಲಿದೆ, ಎತ್ತ ಹೋಗುತ್ತಿದೆ, ಎಷ್ಟು ಎತ್ತರ. ಚಾರ್ಮಾಡಿ ಘಾಟಿಯಲ್ಲಿ ತಿರುವಿಗೊಂದು ಹಾರ್ನ್ ಹೊಡೆದ ಹಾಗೆ.

ಈ ಕಟ್ಟುನಿಟ್ಟು ಸುಮ್ನೆ ಬಂದದ್ದಲ್ಲ. 2009ರ ಆಗಸ್ಟ್ 8ರಂದು ಇದೇ ನದಿಯ ಮೇಲೆ ಒಂದು ಪೈಪರ್ ವಿಮಾನವೂ ಪ್ರವಾಸಿಗರಿದ್ದ ಹೆಲಿಕಾಪ್ಟರೂ ಡಿಕ್ಕಿಯಾದವು. ಒಂಬತ್ತು ಜನ ಹೋದರು. ಅಲ್ಲಿಯವರೆಗೆ ಎತ್ತರ ಬೇರೆ ಮಾಡುವುದು, ಕೂಗಿ ಹೇಳುವುದು ಎಲ್ಲ ಸಲಹೆ ಮಾತ್ರ ಆಗಿತ್ತು. ಅದೇ ವರ್ಷ ನವೆಂಬರ್ 19ರಿಂದ ಕಾನೂನಾಯಿತು. ಪಕ್ಕದ ಈಸ್ಟ್ ರಿವರ್ ಕಥೆ ಇನ್ನೂ ಬಿಗಿ. 2006ರಲ್ಲಿ ಒಂದು ಸಣ್ಣ ವಿಮಾನ ಅಲ್ಲಿ ತಿರುಗಲು ಹೋಗಿ ಕಟ್ಟಡಕ್ಕೆ ಬಡಿಯಿತು. ಆಮೇಲಿಂದ ನಮ್ಮಂಥ ವಿಮಾನಗಳು ಕಂಟ್ರೋಲರ್ ಒಪ್ಪಿಗೆ ಇಲ್ಲದೆ ಆ ಕಡೆ ತಲೆ ಹಾಕುವ ಹಾಗಿಲ್ಲ.

ಉತ್ತರದಿಂದ ಬರುವವರಿಗೆ ಬಾಗಿಲು ಆಲ್ಪೈನ್ ಟವರ್. ಮೂರು ಅಡ್ಡ ತೋಳು ಚಾಚಿ ನಿಂತಿರುವ ಈ ಗೋಪುರವನ್ನು ಎಫ್‌ಎಂ ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1938ರಲ್ಲಿ ಕಟ್ಟಿಸಿದರು. ಎಫ್‌ಎಂ ಕಂಡುಹಿಡಿದವರ ಗೋಪುರದ ಮುಂದೆ ನಿಂತು ಇವತ್ತೂ ಪೈಲಟ್‌ಗಳು ರೇಡಿಯೋದಲ್ಲಿ ಕೂಗುತ್ತಿದ್ದಾರೆ ಅನ್ನೋದು ನನಗೆ ಪ್ರತಿ ಸಲವೂ ನಗು ತರಿಸುತ್ತದೆ. "ಹಡ್ಸನ್, ವೈಟ್ ಸ್ಕೈಹಾಕ್, ಆಲ್ಪೈನ್ ಟವರ್, ಸೌತ್‌ಬೌಂಡ್, ಒನ್ ಥೌಸಂಡ್ ಒನ್ ಹಂಡ್ರೆಡ್." ಇಷ್ಟೇ. ಇದಕ್ಕಿಂತ ಒಂದು ಪದ ಜಾಸ್ತಿ ಆದರೂ ಇನ್ನೊಬ್ಬನ ಮಾತಿನ ಮೇಲೆ ಬೀಳುತ್ತದೆ. ಅಲ್ಲಿಂದ ಜಾರ್ಜ್ ವಾಷಿಂಗ್ಟನ್ ಸೇತುವೆ, ಇಂಟ್ರೆಪಿಡ್ ಹಡಗು, ಜರ್ಸಿ ಸಿಟಿಯ ಕೋಲ್ಗೇಟ್ ಗಡಿಯಾರ, ಲಿಬರ್ಟಿ ಪ್ರತಿಮೆ, ಕೊನೆಗೆ ವೆರಜಾನೊ ಸೇತುವೆ. ಗಡಿಯಾರದ ಹತ್ತಿರ ಬಂದಾಗ ರೇಡಿಯೋದಲ್ಲಿ "ಕ್ಲಾಕ್" ಅಂದರೆ ಸಾಕು, ಎಲ್ಲರಿಗೂ ಗೊತ್ತು.

ನೋಟದ ವಿಷಯ ಹೇಳಬೇಕು. 1,100 ಅಡಿಯಲ್ಲಿ ಹಾರುವಾಗ ವರ್ಲ್ಡ್ ಟ್ರೇಡ್ ಸೆಂಟರ್‌ನ ಹೊಸ ಕಟ್ಟಡವನ್ನು ತಲೆ ಎತ್ತಿ ನೋಡಬೇಕು. ಅದರ ತುದಿ 1,776 ಅಡಿ. ವಿಮಾನದಲ್ಲಿ ಕೂತು ಕಟ್ಟಡವನ್ನು ಕೆಳಗಿನಿಂದ ನೋಡುವ ಅನುಭವ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಹೊರಗಿನವರಿಗೆ ಹೊಳೆಯದ ಒಂದು ವಿಷಯ ಇದೆ. ದಕ್ಷಿಣಕ್ಕೆ ಹೋಗುವಾಗ ಬಲದಂಡೆ ಅಂದರೆ ಜರ್ಸಿ ಕಡೆ. ಮ್ಯಾನ್‌ಹಟನ್ ಎಡಗಡೆ, ಪೈಲಟ್ ಸೀಟಿನ ಕಡೆ. ಪಕ್ಕದಲ್ಲಿ ಕೂತ ಅತಿಥಿಗೆ ಕಾಣುವುದು ಹೊಬೊಕೆನ್ ಮನೆಗಳ ಮಾಡು! ಉತ್ತರಕ್ಕೆ ಹೋಗುವಾಗ ನೀವು ಮ್ಯಾನ್‌ಹಟನ್ ದಂಡೆಯನ್ನೇ ಹಿಡಿದಿರುತ್ತೀರಿ, ಊರೆಲ್ಲ ಬಲಗಡೆ ಕಿಟಕಿಗೆ ಬರುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ವೆರಜಾನೊದಿಂದ ಉತ್ತರಕ್ಕೆ ಹೋಗಿ. ನೀವು ಫೋಟೋ ನೋಡಿ ತೃಪ್ತಿಪಡಿ.

ಕಷ್ಟ ಏನು? ಕಣ್ಣು. ಬಿಸಿಲಿರುವ ಭಾನುವಾರ ಮಧ್ಯಾಹ್ನ ಐಪ್ಯಾಡ್ ಪರದೆ ತುಂಬ ವಿಮಾನಗಳ ಗುರುತು. ಅವನ್ನು ನೋಡುತ್ತಾ ಕೂತರೆ ಹೊರಗೆ ನೋಡುವವರು ಯಾರು? ನನ್ನ ಜೊತೆ ಬರುವ ಗೆಳೆಯ ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿತವನು. ಅವನ ಕೆಲಸ ರೇಡಿಯೋ ಮತ್ತು ಕಣ್ಣು, ನನ್ನದು ಎತ್ತರ ಮತ್ತು ದಂಡೆ. "ಲೋ, ಹನ್ನೊಂದು ಗಂಟೆ ದಿಕ್ಕು, ಕೆಳಗೆ, ಕಪ್ಪು ಹೆಲಿಕಾಪ್ಟರ್, ಕಾಣ್ತಾ?" "ಕಾಣ್ತು ಕಣೋ." ಇಬ್ಬರ ನಡುವೆ ಬೇರೆ ಮಾತಿಲ್ಲ. ಊರ ಸುದ್ದಿ, ಆಫೀಸ್ ಸುದ್ದಿ ಎಲ್ಲ ವೆರಜಾನೊ ದಾಟಿದ ಮೇಲೆ.

ಅವನಿಗೆ ಇಲ್ಲಿ ಮೊದಮೊದಲು ಒಗ್ಗದಿದ್ದದ್ದು ಬೇರೆಯೇ. ನಮ್ಮ ದೇಶದಲ್ಲಿ ಫ್ಲೈಟ್ ಪ್ಲಾನ್ ಹಾಕಿ, ಎಫ್‌ಐಸಿ, ಎಡಿಸಿ ಅನ್ನುವ ಅನುಮತಿ ನಂಬರ್ ಬಂದ ಮೇಲೆ ಚಕ್ರ ಉರುಳಿಸಿ ಅಭ್ಯಾಸ. ಇಲ್ಲಿ ಯಾರಿಗೂ ಒಂದು ಮಾತು ಹೇಳದೆ ಹೊರಟು ಮ್ಯಾನ್‌ಹಟನ್ ಪಕ್ಕದಲ್ಲಿ ಹಾರುವುದು ಅವನಿಗೆ ಕದ್ದು ಹೋದ ಹಾಗೆ ಅನ್ನಿಸುತ್ತಿತ್ತಂತೆ. "ಯಾರೋ ಫೋನ್ ಮಾಡ್ತಾರೆ ನೋಡು" ಅಂತ ಇಳಿದ ಮೇಲೂ ಕಾಯುತ್ತಿದ್ದ.

ಈ ಓಣಿಯ ಇನ್ನೊಂದು ಸುಖ, ಗುರುತಿಲ್ಲದವರ ಸ್ನೇಹ. ಹಿಂದೆ ಬರುವವನು "ವೈಟ್ ಸ್ಕೈಹಾಕ್, ನೀವು ಕಾಣ್ತಿದ್ದೀರಿ, ನಾನು ನಿಧಾನ ಮಾಡ್ತೀನಿ" ಅನ್ನುತ್ತಾನೆ. ಹೆಲಿಕಾಪ್ಟರ್ ಪೈಲಟ್ ತಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಆಮೇಲೆ ಪಿಟ್ಸ್‌ಟೌನ್ ಹತ್ತಿರದ ಸ್ಕೈ ಮ್ಯಾನರ್ ಏರ್‌ಪೋರ್ಟ್ ಹೋಟೆಲಲ್ಲಿ ಮೊಟ್ಟೆ ತಿನ್ನುವಾಗ ಪಕ್ಕದ ಟೇಬಲ್‌ನವರು "ಬೆಳಗ್ಗೆ ನದಿ ಮೇಲೆ ಇದ್ದದ್ದು ನೀವೇನಾ" ಅಂತ ಕೇಳುತ್ತಾರೆ. ಮುಖ ಹೊಸದು, ದನಿ ಮಾತ್ರ ಗೊತ್ತು.

ನಡುವಿನ ದಾರಿ: ಸ್ಕೈಲೈನ್ ರೂಟ್

ಅದೇ ನದಿ, ಅದೇ ಆಲ್ಪೈನ್, ಅದೇ ವೆರಜಾನೊ. ಆದರೆ 1,300ರಿಂದ 2,000 ಅಡಿ ನಡುವೆ, ಅಂದರೆ ಬ್ರಾವೋ ಒಳಗೆ. ಉತ್ತರದಿಂದ ಬಂದರೆ ಲಗಾರ್ಡಿಯಾ ಟವರ್ ಕರೆಯಬೇಕು, ದಕ್ಷಿಣದಿಂದ ಬಂದರೆ ನೆವಾರ್ಕ್. ಅವರು "ಕ್ಲಿಯರ್ಡ್ ಇನ್‌ಟು ದ ಕ್ಲಾಸ್ ಬ್ರಾವೋ" ಅಂತ ಬಾಯಿಬಿಟ್ಟು ಹೇಳಬೇಕು. ರೇಡಾರ್‌ನಲ್ಲಿ ಗುರುತಿಸಲು ಕೋಡ್ ಕೊಟ್ಟರು, ಹೆಸರು ಹಿಡಿದು ಮಾತಾಡಿಸಿದರು ಅಂತ ಒಳಗೆ ನುಗ್ಗುವ ಹಾಗಿಲ್ಲ.

ಭಯ ಇದ್ದವರು ಈ ದಾರಿಯನ್ನೇ ಬಿಡುತ್ತಾರೆ. ಲಗಾರ್ಡಿಯಾ ಕಂಟ್ರೋಲರ್ ಮಾತು ಕೇಳಿದರೆ ಬೆವರು ಬರುತ್ತದೆ ಅನ್ನುತ್ತಾರೆ. ಆದರೆ ನನ್ನ ಅನುಭವ ಉಲ್ಟಾ. ಅವರು ವೇಗವಾಗಿ ಮಾತಾಡುತ್ತಾರೆ, ಒರಟಾಗಿ ಅಲ್ಲ. ಏನು ಬೇಕು ಅಂತ ಒಂದೇ ಉಸಿರಲ್ಲಿ ಹೇಳಿದರೆ ಉತ್ತರವೂ ಒಂದೇ ಉಸಿರಲ್ಲಿ ಬರುತ್ತದೆ. ಒಳಗೆ ಹೋದ ಮೇಲೆ ಕೆಲಸ ಅರ್ಧ. ಎತ್ತರ ಅವರು ಹೇಳಿದ್ದು, ಎದುರು ಬರುವವರ ಸುದ್ದಿಯೂ ಅವರೇ ಕೊಡುತ್ತಾರೆ. ಪ್ರತಿ ಸೇತುವೆ, ಗಡಿಯಾರಕ್ಕೆ ಕೂಗಬೇಕಿಲ್ಲ. ಹೊರಗೆ ನೋಡುವ ಜವಾಬ್ದಾರಿ ಮಾತ್ರ ನಮ್ಮದೇ, ಅದು ಎಲ್ಲೂ ತಪ್ಪುವುದಿಲ್ಲ.

ಕೊರತೆ ಎರಡು. ಒಂದು, "ಸ್ಟ್ಯಾಂಡ್‌ಬೈ" ಅಂದುಬಿಟ್ಟರೆ ಟ್ಯಾಪನ್ ಝೀ ಸೇತುವೆ ಹತ್ತಿರ ಸುತ್ತು ಹೊಡೆಯುತ್ತಾ ಕಾಯಬೇಕು. ಕೆಲವು ದಿನ ಸೀದಾ ಇಲ್ಲ ಅನ್ನುತ್ತಾರೆ. ಇಲ್ಲ ಅಂದರೆ ಕೆಳಗಿನ ಓಣಿ ಇದೆಯಲ್ಲ ಅಂತ ಅಲ್ಲೇ ಮನಸ್ಸು ಬದಲಾಯಿಸುವುದು ನನಗೆ ಇಷ್ಟವಿಲ್ಲ. ಅದಕ್ಕೆ ಮನೆಯಲ್ಲೇ ತಯಾರಿ ಆಗಿರಬೇಕು, 123.05 ಎರಡನೇ ರೇಡಿಯೋದಲ್ಲಿ ಮೊದಲೇ ಕೂತಿರಬೇಕು. ಎರಡನೆಯದು, ನೋಟ ಸ್ವಲ್ಪ ಸಪ್ಪೆ. ಎಂಪೈರ್ ಸ್ಟೇಟ್ ಕಟ್ಟಡವನ್ನು ಮೇಲಿನಿಂದ ನೋಡುತ್ತೀರಿ. ಚೆನ್ನಾಗಿದೆ, ಆದರೆ ಕತ್ತು ಎತ್ತುವ ಮಜಾ ಇಲ್ಲ. ಅದರ ಬದಲು ಸೆಂಟ್ರಲ್ ಪಾರ್ಕ್ ಪೂರ್ತಿ ಹಸಿರು ಚಾಪೆಯಾಗಿ ಕಾಣುತ್ತದೆ, ಕೆಳಗಿನ ಓಣಿಯಿಂದ ಕಟ್ಟಡಗಳ ಸಂದಿಯಲ್ಲಿ ಇಣುಕುವುದಷ್ಟೇ.

ನಮ್ಮ ರಿಟೈರ್ ಆದ ಮೇಷ್ಟ್ರು ಕಟ್ಟಾ ಸ್ಕೈಲೈನ್ ಪಕ್ಷ. "ಟ್ಯಾಕ್ಸ್ ಕಟ್ಟಿದೀನಿ, ಕಂಟ್ರೋಲರ್ ಸೇವೆ ಯಾಕೆ ಬಿಡ್ಲಿ" ಅನ್ನುವುದು ಅವರ ವಾದ. ಪಾಯಿಂಟ್ ಇದೆ.

ಮೇಲಿನ ದಾರಿ: 7,500 ಅಡಿ

ಇದನ್ನು ಬೇಗ ಮುಗಿಸುತ್ತೇನೆ. ಬ್ರಾವೋ 7,000ಕ್ಕೆ ಮುಗಿಯುವುದರಿಂದ ಪೂರ್ವಕ್ಕೆ ಹೋಗುವವರು 7,500ರಲ್ಲಿ ಹಾರಿದರೆ ಯಾರ ಅನುಮತಿಯೂ ಬೇಡ. ವಾಪಸ್ ಬರುವಾಗ 8,500. ವಿಮಾನ ಎಲ್ಲಿದೆ ಅಂತ ಸಾರುವ ಟ್ರಾನ್ಸ್‌ಪಾಂಡರ್, ಎಡಿಎಸ್-ಬಿ ಬೇಕೇ ಬೇಕು. ನ್ಯೂಯಾರ್ಕ್ ಅಪ್ರೋಚ್ ಅನ್ನುವ ರೇಡಾರ್ ಕಂಟ್ರೋಲರ್‌ಗಳನ್ನು ಫ್ಲೈಟ್ ಫಾಲೋಯಿಂಗ್ ಕೇಳಿದರೆ ಜೊತೆಗೊಬ್ಬರು ಕಣ್ಣಿಟ್ಟಿರುತ್ತಾರೆ. ಬ್ಲಾಕ್ ಐಲೆಂಡ್‌ಗೋ ಕನೆಕ್ಟಿಕಟ್‌ಗೋ ಹೋಗುವ ಕೆಲಸ ಇದ್ದರೆ ಇದೇ ಸರಿ. ಆದರೆ ಬೇಸಿಗೆಯಲ್ಲಿ ನಾಲ್ಕು ಜನ ತುಂಬಿಕೊಂಡ 172 ಅಷ್ಟು ಎತ್ತರಕ್ಕೆ ಹತ್ತುವುದು ನೋಡುತ್ತಾ ಕೂತರೆ ನಿದ್ದೆ ಬರುತ್ತದೆ. ಮೇಲಿಂದ ಮ್ಯಾನ್‌ಹಟನ್ ಭೂಪಟದಂತೆ ಚಪ್ಪಟೆ. ಅಮ್ಮನಿಗೆ ತೋರಿಸಿದರೆ "ಗೂಗಲ್‌ನಲ್ಲೂ ಹೀಗೇ ಕಾಣುತ್ತಲ್ಲೋ" ಅಂದರು.

ಹಾಗಾದರೆ ಯಾವುದು?

ಲೈಸೆನ್ಸ್ ಹೊಸದು, ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇಲ್ಲ, ಹಿಂದೆ ಮಾತಾಡುವ ಬಂಧುಗಳಿದ್ದಾರೆ ಅಂದರೆ ಕಣ್ಣುಮುಚ್ಚಿ ಸ್ಕೈಲೈನ್. ಟವರ್ ಜೊತೆ ಮಾತಾಡುವ ಭಯ ಒಂದೇ ಸಲಕ್ಕೆ ಹೋಗುತ್ತದೆ. ಎದುರಿಗೆ ಬರುವ ಹೆಲಿಕಾಪ್ಟರ್ ಕಾಣದೆ ಇರುವ ಭಯ ಹಾಗೆ ಹೋಗುವುದಿಲ್ಲ, ಹೋಗಲೂಬಾರದು.

ಇಬ್ಬರು ಪೈಲಟ್ ಇದ್ದರೆ, ಇಬ್ಬರೂ ಈ ಓಣಿಯ ಬಗ್ಗೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಉಚಿತ ಆನ್‌ಲೈನ್ ಕೋರ್ಸ್ ಮುಗಿಸಿದ್ದರೆ, ಕೆಳಗಿನ ಓಣಿ. ನನ್ನ ಓಟು ಅದಕ್ಕೇ. ವಾರದ ದಿನ ಬೆಳಗ್ಗೆ ಬೇಗ ಹೋದರೆ ಇನ್ನೂ ಒಳ್ಳೆಯದು. ಟೂರ್ ಹೆಲಿಕಾಪ್ಟರ್‌ಗಳು ಆಗಿನ್ನೂ ಕಣ್ಣುಜ್ಜುತ್ತಿರುತ್ತವೆ. ಮೊದಲ ಸಲ ಇನ್‌ಸ್ಟ್ರಕ್ಟರ್ ಜೊತೆ ಹೋಗಿ, ಆ ದುಡ್ಡಿಗೆ ಮೋಸವಿಲ್ಲ.

ದುಡ್ಡು ಅಂದ ಮೇಲೆ ಒಂದು ಮಾತು. ಎಡಿಸನ್ ಕಡೆಯ ನೆಂಟರು "ನಮ್ಮನ್ನೂ ಕರ್ಕೊಂಡು ಹೋಗಪ್ಪ, ಪೂರ್ತಿ ಖರ್ಚು ನಮ್ಮದು" ಅನ್ನುತ್ತಾರೆ. ಪ್ರೀತಿಯಿಂದಲೇ. ಆದರೆ ಪ್ರೈವೇಟ್ ಪೈಲಟ್ ತನ್ನ ಪಾಲಿನ ಖರ್ಚು ತಾನೇ ಕೊಡಬೇಕು. ನಾಲ್ಕು ಜನ ಇದ್ದರೆ ಬಾಡಿಗೆ, ಪೆಟ್ರೋಲಿನ ಕಾಲು ಭಾಗಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಅತ್ತೆಯವರಿಗೆ ಇದನ್ನು ವಿವರಿಸುವುದು ಬ್ರಾವೋ ವಿವರಿಸುವುದಕ್ಕಿಂತ ಕಷ್ಟ. "ಅಳಿಯಂದ್ರು ಸಂಕೋಚ ಮಾಡ್ಕೋತಾರೆ" ಅಂತಲೇ ಅವರ ತೀರ್ಮಾನ.

ಯಾವ ದಾರಿ ಆದರೂ ಹೊರಡುವ ಮುಂಚೆ ಟಿಎಫ್‌ಆರ್, ಅಂದರೆ ಹಾರಾಟಕ್ಕೆ ಹಾಕುವ ತಾತ್ಕಾಲಿಕ ನಿರ್ಬಂಧ, ನೋಡಿ. ಅಮೆರಿಕದ ಅಧ್ಯಕ್ಷರು ನ್ಯೂಜರ್ಸಿಯ ಬೆಡ್‌ಮಿನ್‌ಸ್ಟರ್‌ನಲ್ಲಿ ಇದ್ದಾಗ 30 ಮೈಲಿ ತ್ರಿಜ್ಯದ ವರ್ತುಲ ಬೀಳುತ್ತದೆ. ಒಳಗಿನ 10 ಮೈಲಿಯಲ್ಲಿ ನಮ್ಮಂಥವರಿಗೆ ಜಾಗವೇ ಇಲ್ಲ, ಸಾಲ್‌ಬರ್ಗ್, ಸಾಮರ್ಸೆಟ್ ಏರ್‌ಪೋರ್ಟ್‌ನವರು ವಿಮಾನ ತೊಳೆಯುತ್ತಾ ಕೂರುತ್ತಾರೆ. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಭೆ ನಡೆಯುವಾಗ ನದಿಯ ಕಡೆ ಪೂರ್ತಿ ಬಿಗಿ. ಇವೆರಡೂ ಸುದ್ದಿಯಲ್ಲಿ ಬರುತ್ತವೆ, ತಪ್ಪಿಸಿಕೊಳ್ಳುವುದು ಕಷ್ಟ. ಜನ ಮರೆಯುವುದು ಬೇಸ್‌ಬಾಲ್. ಯಾಂಕೀ ಸ್ಟೇಡಿಯಂ ನದಿಯಿಂದ ಎರಡು ಮೈಲಿಯೂ ಇಲ್ಲ. ಆಟ ಶುರುವಾಗುವ ಒಂದು ಗಂಟೆ ಮುಂಚಿನಿಂದ ಮುಗಿದ ಒಂದು ಗಂಟೆಯವರೆಗೆ ಮೂರು ಮೈಲಿ ಸುತ್ತ, 3,000 ಅಡಿವರೆಗೆ ಬಂದ್. ಆಟ ಎಕ್ಸ್‌ಟ್ರಾ ಇನ್ನಿಂಗ್ಸ್‌ಗೆ ಹೋದರೆ ಬಂದ್ ಕೂಡ ಲಂಬಿಸುತ್ತದೆ. ಹಾಗಾಗಿ ನಮ್ಮ ಗುಂಪಿನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹವಾಮಾನಕ್ಕೆ ಮುಂಚೆ ಯಾಂಕೀಸ್ ವೇಳಾಪಟ್ಟಿ ನೋಡುತ್ತೇವೆ. ಬೇಸ್‌ಬಾಲ್ ಗಂಧಗಾಳಿ ಗೊತ್ತಿಲ್ಲದ ನಮ್ಮ ತೆಲುಗು ಗೆಳೆಯನಿಗೆ ಈಗ ಅವರ ತವರಿನ ಪಂದ್ಯಗಳೆಲ್ಲ ಬಾಯಿಪಾಠ.