ಆಗಸ್ಟ್ ಬಿಸಿಲಲ್ಲಿ ಬಾಸ್ ಮೀನು: ರಬ್ಬರ್ ಕಪ್ಪೆಯೋ, ಕ್ರ್ಯಾಂಕ್‌ಬೈಟೋ, ಪ್ಲಾಸ್ಟಿಕ್ ಹುಳುವೋ?

ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆ ಗಾಡಿ ಓಡಿಸಿದರೆ ಲೇಕ್ ಫೋರ್ಕ್ ಸಿಗುತ್ತದೆ. 1980ರಲ್ಲಿ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು, ಸುಮಾರು 27,000 ಎಕರೆ. ಅಂದು ಮುಳುಗಿದ ಮರಗಳ ಬೋಳು ಕಾಂಡಗಳು ಇವತ್ತಿಗೂ ನೀರಿನ ಮೇಲೆ ತಲೆಯೆತ್ತಿ ನಿಂತಿವೆ. ಟೆಕ್ಸಾಸ್‌ನ ದಾಖಲೆಯ ಲಾರ್ಜ್‌ಮೌತ್ (ದೊಡ್ಡ ಬಾಯಿಯ) ಬಾಸ್, 18.18 ಪೌಂಡಿನದು, 1992ರಲ್ಲಿ ಸಿಕ್ಕಿದ್ದು ಇಲ್ಲೇ. ಆದರೆ ಅದು ಜನವರಿಯ ಚಳಿಯಲ್ಲಿ ಸಿಕ್ಕ ಮೀನು. ನನಗೆ ಪುರುಸೊತ್ತು ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಆಗ ಮಧ್ಯಾಹ್ನದ ಬಿಸಿಲು 38 ಡಿಗ್ರಿ ಮುಟ್ಟುತ್ತದೆ, ಮೇಲಿನ ನೀರೇ 31 ಡಿಗ್ರಿ ಇರುತ್ತದೆ. ಹೋದ ಎರಡು ಬೇಸಿಗೆ ಭಾವನ ದೋಣಿಯಲ್ಲಿ ಒಟ್ಟು ಹದಿನಾಲ್ಕು ದಿನ ಮೂರು ಬಗೆಯ ಲೂರ್, ಅಂದರೆ ಮೀನನ್ನು ಮರುಳುಮಾಡುವ ಕೃತಕ ಎರೆ, ಹಾಕಿ ನೋಡಿದೆ.

ಮೊದಲು ನೀರಿನ ವಿಷಯ ಹೇಳಬೇಕು, ಅದು ತಿಳಿಯದೆ ಉಳಿದದ್ದು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಊರ ಬಾವಿಗೆ ಇಳಿದು ಈಜಿದವರಿಗೆ ನೆನಪಿರಬಹುದು: ಎದೆಯ ಹತ್ತಿರ ನೀರು ಬೆಚ್ಚಗೆ, ಕಾಲು ಕೆಳಗೆ ಬಿಟ್ಟರೆ ಕೊರೆಯುವ ತಂಪು. ಈ ಕೆರೆಯಲ್ಲೂ ಹಾಗೇ ಎರಡು ಪದರ ಆಗುತ್ತದೆ. ತಂಪು ಬೇಕು ಅಂತ ಮೀನು ತಳಕ್ಕೆ ಹೋಗುತ್ತದೆ ಅಂದುಕೊಂಡು ಮೊದಲ ವರ್ಷ 30 ಅಡಿ ಆಳಕ್ಕೆಲ್ಲ ಗಾಳ ಬಿಟ್ಟೆ. ಒಂದೂ ಕಚ್ಚಲಿಲ್ಲ. ಆ ತಣ್ಣನೆಯ ಕೆಳಪದರ ಮೇಲಿನ ನೀರಿನ ಜೊತೆ ಬೆರೆಯುವುದೇ ಇಲ್ಲ, ಅಲ್ಲಿ ಆಮ್ಲಜನಕ ಮುಗಿದುಹೋಗಿರುತ್ತದೆ. ಮೀನು ಅದಕ್ಕಿಂತ ಮೇಲೆಯೇ, ಹೆಚ್ಚಾಗಿ 15ರಿಂದ 20 ಅಡಿಯಲ್ಲಿ, ಮರದ ಕಾಂಡಗಳ ನೆರಳಿಗೆ ಅಂಟಿಕೊಂಡು ನಿಲ್ಲುತ್ತದೆ. ನೀರೊಳಗೆ ಶಬ್ದ ಕಳಿಸಿ ಒಳಗಿರುವುದನ್ನು ತೋರಿಸುವ ಸೋನಾರ್ ಪರದೆಯಲ್ಲಿ ಈ ಎರಡು ಪದರ ಕೂಡುವ ಜಾಗ ಮಸುಕಾದ ಪಟ್ಟಿಯಂತೆ ಕಾಣುತ್ತದೆ. ಆ ಪಟ್ಟಿಯ ಕೆಳಗೆ ಏನು ಹಾಕಿದರೂ ದಂಡ.

ರಬ್ಬರ್ ಕಪ್ಪೆಯ ಆಟ ಬೆಳಕು ಹರಿಯುವ ಹೊತ್ತಿನದು. ಆಗ ಬಾಸ್ ದಡದ ಎಲೆ, ಜೊಂಡಿನ ಅಡಿಗೆ ಬಂದಿರುತ್ತದೆ. ಟೊಳ್ಳು ಹೊಟ್ಟೆಯ ಕಪ್ಪೆಯನ್ನು ನೈದಿಲೆ ಎಲೆಗಳ ಮೇಲೆ ಎಸೆದು, ಕುಪ್ಪಳಿಸಿ ಕುಪ್ಪಳಿಸಿ ತಂದು, ಎಲೆಗಳ ನಡುವಿನ ಸಂದಿಯಲ್ಲಿ ನಿಲ್ಲಿಸಬೇಕು. ನೀರು ಧಡ್ಡನೆ ಒಡೆಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮೊದಲ ಸಲ ಸದ್ದು ಕೇಳಿದ ಕ್ಷಣವೇ ರಾಡ್ (ಗಾಳದ ಕೋಲು) ಎಳೆದುಬಿಟ್ಟೆ, ಬರೀ ಕಪ್ಪೆ ಹಾರಿ ಬಂದು ದೋಣಿಗೆ ಬಿತ್ತು.

“ತಡಿಯಪ್ಪ, ಒಂದು, ಎರಡು ಎಣಿಸು, ಭಾರ ಕೈಗೆ ಬಂದಮೇಲೆ ಎಳಿ” ಅಂದರು ಭಾವ.

“ಕೈ ನಿಲ್ಲಲ್ಲ ಭಾವ, ಅಷ್ಟು ಜೋರಾಗಿ ಹಾರತ್ತೆ.”

ಎಣಿಸುವುದನ್ನು ಕಲಿತ ಮೇಲೂ ಹದಿನಾಲ್ಕು ದಿನದಲ್ಲಿ ಒಂಬತ್ತು ಸಲ ಹಾರಿದ್ದರಲ್ಲಿ ದೋಣಿಗೆ ಬಂದದ್ದು ನಾಲ್ಕೇ. ಎಂಟು ಗಂಟೆ ಆಯಿತೆಂದರೆ ಈ ಆಟ ಮುಗಿಯಿತು. ಇದಕ್ಕೆ 50 ಪೌಂಡ್ ಭಾರ ತಡೆಯುವ ಹೆಣೆದ ದಾರವೇ ಬೇಕು. ತೆಳು ದಾರ ಕಟ್ಟಿದರೆ ಮೀನು ಜೊಂಡಿಗೆ ಸುತ್ತಿಕೊಂಡು ಕಡಿದುಕೊಂಡು ಹೋಗುತ್ತದೆ.

ಆಳಕ್ಕೆ ಮುಳುಗುವ ಕ್ರ್ಯಾಂಕ್‌ಬೈಟ್, ಅಂದರೆ ಸಣ್ಣ ಮೀನಿನ ಆಕಾರದ ಗಟ್ಟಿ ಲೂರ್, ನನಗೆ ಒಗ್ಗಲಿಲ್ಲ. ಶ್ಯಾಡ್ ಎಂಬ ಸಣ್ಣ ಮೀನಿನ ಹಿಂಡನ್ನು ಬೆನ್ನಟ್ಟಿ ಬಾಸ್‌ಗಳು ಒಂದೇ ಕಡೆ ಗುಂಪು ಕಟ್ಟಿದಾಗ ಇದಕ್ಕೆ ಸಾಟಿಯಿಲ್ಲ, ಅದು ನಿಜ. ಒಂದೇ ಒಂದು ಬೆಳಿಗ್ಗೆ ಮುಕ್ಕಾಲು ಗಂಟೆಯಲ್ಲಿ ಎಂಟು ಮೀನು ಬಂದವು. ಉಳಿದ ದಿನಗಳೆಲ್ಲ ಸೇರಿ ಮೂರು. ಬಿಸಿಲಲ್ಲಿ ಅದನ್ನು ಎಸೆದು ಸುತ್ತಿ ಭುಜ ಬಿದ್ದುಹೋಗುತ್ತದೆ, ಮುಳುಗಿದ ಮರಕ್ಕೆ ಐದು ಲೂರ್ ಕಳೆದುಕೊಂಡೆ. ಇದರ ಮುಕ್ಕವಲು ಕೊಕ್ಕೆಗಳನ್ನು ಬಿಡಿಸುವಷ್ಟರಲ್ಲಿ ಮೀನು ಸುಸ್ತಾಗಿರುತ್ತದೆ. ಬಿಸಿ ನೀರಲ್ಲಿ ಅದು ಚೇತರಿಸಿಕೊಳ್ಳುವುದು ಕಷ್ಟ. ನನಗೆ ಮನಸ್ಸು ಒಪ್ಪದಿರುವುದು ಮುಖ್ಯವಾಗಿ ಇದಕ್ಕೇ.

ಇನ್ನು ಹುಳು. ಹತ್ತು ಇಂಚಿನ, ನೇರಳೆ ಬಣ್ಣದ ಪ್ಲಾಸ್ಟಿಕ್ ಹುಳು, ಮುಂದೆ ಹತ್ತು ಗ್ರಾಮಿನ ಗುಂಡಿನಾಕಾರದ ತೂಕ. ಟೆಕ್ಸಾಸ್ ರಿಗ್ ಅನ್ನುತ್ತಾರೆ. ಕೊಕ್ಕೆಯ ಮೊನೆ ಹುಳುವಿನ ಮೈಯೊಳಗೇ ಹುದುಗಿರುವುದರಿಂದ ಮರದ ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ಸಿಕ್ಕಿಕೊಳ್ಳುವುದು ಕಡಿಮೆ. ಕಾಂಡದ ಪಕ್ಕ ಇಳಿಬಿಟ್ಟು, ದಾರವನ್ನು ತೋರುಬೆರಳ ಮೇಲೆ ಇಟ್ಟುಕೊಂಡು, ರಾಡ್ ತುದಿಯನ್ನು ಒಂದು ಗೇಣು ಎತ್ತಿ ಇಳಿಸುವುದು, ಅಷ್ಟೇ ಕೆಲಸ. ತೂಕ ಕೊಂಬೆ ಹತ್ತುವುದು, ಕೊಂಬೆಯಿಂದ ಜಾರುವುದು ಬೆರಳಿಗೆ ತಿಳಿಯುತ್ತದೆ. ಕಚ್ಚಿದ್ದು ಮಾತ್ರ ಬೇರೆ: ‘ಟಕ್’ ಅಂತ ಒಂದು ಸಣ್ಣ ತಟ್ಟು, ಆಮೇಲೆ ದಾರ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಎಷ್ಟೋ ಸಲ ಆ ತಟ್ಟೂ ಇರುವುದಿಲ್ಲ, ತೂಕವೇ ಮಾಯವಾದಂತೆ ಆಗುತ್ತದೆ. ಚಿಕ್ಕಂದಿನಲ್ಲಿ ಎರೆಹುಳು ಚುಚ್ಚಿ ಬೆಂಡು ನೋಡುತ್ತ ಕೂತವನಿಗೆ ಈ ಕಾಯುವಿಕೆ ಹೊಸದಲ್ಲ, ಕಣ್ಣು ಮಾಡುತ್ತಿದ್ದ ಕೆಲಸ ಈಗ ಬೆರಳಿಗೆ ಬಂತು.

ಹುಳುವಿಗೆ ಒಟ್ಟು ಇಪ್ಪತ್ಮೂರು ಮೀನು ಬಿದ್ದವು, ಅದೂ ಹೆಚ್ಚಿನವು ಒಂಬತ್ತರಿಂದ ಹನ್ನೊಂದು ಗಂಟೆಯೊಳಗೆ, ಬೇರೆ ದೋಣಿಗಳೆಲ್ಲ ಹೊರಟುಹೋದ ಮೇಲೆ. ಬಿಸಿಗೆ ಮೀನಿನ ಹಸಿವು ಸಾಯುವುದಿಲ್ಲ, ದೂರ ಓಡಿ ಹಿಡಿಯುವ ಉಮೇದು ಇರುವುದಿಲ್ಲ ಅಷ್ಟೇ. ಮೂತಿಯ ಮುಂದೆಯೇ ನಿಧಾನವಾಗಿ ಬಿದ್ದದ್ದನ್ನು ಬಿಡುವುದಿಲ್ಲ. ಹೊಸಬರು ಒಂದೇ ಲೂರ್ ಕೊಳ್ಳುವುದಾದರೆ ಹುಳುವನ್ನೇ ಕೊಳ್ಳಿ. ಬೆಳಿಗ್ಗೆ ಒಂದೇ ಗಂಟೆ ಸಮಯ ಇದ್ದರೆ ಕಪ್ಪೆ.

ನನ್ನ ದೊಡ್ಡ ಮೀನು, 22 ಇಂಚಿನದು, ಹುಳುವಿಗೇ ಬಂದದ್ದು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಬಾಸ್ ಇಟ್ಟುಕೊಳ್ಳುವಂತಿಲ್ಲ, ಬಿಡಲೇಬೇಕು. ಕೈ ಒದ್ದೆ ಮಾಡಿಕೊಂಡು, ನೀರಲ್ಲೇ ಕೊಕ್ಕೆ ಬಿಡಿಸಿ, ಕೆಳದುಟಿ ಹಿಡಿದು ನಿಲ್ಲಿಸಿದೆ. ಕಿವಿರು ಎರಡು ಸಲ ಅಗಲವಾಗಿ ತೆರೆಯಿತು. ಭಾವ ಫೋಟೋಗೆ ಫೋನ್ ಹುಡುಕುತ್ತಿದ್ದರು. “ಬೇಡ ಭಾವ, ಬಿಡ್ತೀನಿ” ಅಂದೆ. ಬಾಲ ಒಮ್ಮೆ ಜೋರಾಗಿ ಬೀಸಿ, ಮರದ ನೆರಳಿನ ಕಡೆಗೇ ಇಳಿಯಿತು.