ಅಡಿಕೆ ತೋಟದವರ ವೀಸಾ: ಏಜೆಂಟ್, ಪ್ಯಾಕೇಜ್, ಸ್ವಂತ ಅರ್ಜಿ

ಎರಡು ವರ್ಷದಲ್ಲಿ ನಮ್ಮ ಬಳಗದಿಂದ ನಾಲ್ಕು ಸಲ ಪ್ರವಾಸಿ ವೀಸಾಕ್ಕೆ ಅರ್ಜಿ ಹೋಯಿತು. 2023ರ ದಸರಾ ರಜೆಗೆ ವಿಯೆಟ್ನಾಂಗೆ, ಏಜೆಂಟ್ ಕೈಯಲ್ಲಿ. 2025ರ ಬೇಸಿಗೆಗೆ ಸ್ವಿಟ್ಜರ್ಲೆಂಡ್ ಮತ್ತು ಇಟಲಿಗೆ, ನಾವೇ. ಅದೇ ಬೇಸಿಗೆಗೆ ಅಕ್ಕ-ಭಾವ ಯುರೋಪಿಗೇ ಹೋದರು, ಟೂರ್ ಪ್ಯಾಕೇಜಿನಲ್ಲಿ. ಆಮೇಲೆ 2025ರ ದಸರಾಕ್ಕೆ ಮೈದುನನ ಸಂಸಾರ ವಿಯೆಟ್ನಾಂಗೆ ಹೊರಟಾಗ ಅವರ ಫಾರಂ ತುಂಬಿದ್ದು ನಾನು. ಒಂದೇ ದೇಶಕ್ಕೆ ಎರಡು ದಾರಿ, ಒಂದೇ ರಜೆಗೆ ಎರಡು ದಾರಿ ನೋಡಿದ್ದರಿಂದ ಯಾವುದು ಯಾರಿಗೆ ಹೊಂದುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ. ನಾವಿರುವುದು ಚನ್ನಗಿರಿ ಕಡೆ. ನಮ್ಮವರದು, ಅಂದರೆ ನನ್ನ ಗಂಡನದು, ಅಡಿಕೆ ತೋಟ, ನಾನು ಖಾಸಗಿ ಹೈಸ್ಕೂಲಿನಲ್ಲಿ ಟೀಚರ್.

ಮೊದಲು ವಿಯೆಟ್ನಾಂ. 2023ರ ಆಗಸ್ಟ್ 15ರಿಂದ ಅವರು 90 ದಿನದವರೆಗಿನ ಇ-ವೀಸಾ, ಅಂದರೆ ಆನ್‌ಲೈನಿನಲ್ಲೇ ಅರ್ಜಿ ಹಾಕಿ ಪಡೆಯುವ ವೀಸಾ, ಕೊಡುತ್ತಿದ್ದಾರೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ಇದು ಗೊತ್ತಿಲ್ಲದೆ ನಾವು ದಾವಣಗೆರೆಯ ಏಜೆಂಟ್ ಒಬ್ಬರಿಗೆ ತಲೆಗೆ 4,500 ರೂಪಾಯಿ ಕೊಟ್ಟೆವು. ಆಗ 25 ಡಾಲರ್ ಅಂದರೆ 2,100 ರೂಪಾಯಿಯ ಆಸುಪಾಸು. ದುಡ್ಡಿನ ವಿಷಯಕ್ಕೆ ನನಗೆ ಬೇಸರವಿಲ್ಲ, ಕೆಲಸಕ್ಕೆ ಕೂಲಿ ಇದ್ದದ್ದೇ. ಬೇಸರವಾಗಿದ್ದು ಅತ್ತೆಯ ಹೆಸರಿನ ವಿಷಯಕ್ಕೆ.

ಅತ್ತೆಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಗಿವನ್ ನೇಮ್ ಅಂತ ಇರುವಲ್ಲಿ ಅವರದೊಂದೇ ಹೆಸರು, ಒಂದೇ ಪದ. ನಮ್ಮ ಕಡೆ ಹಳೇ ಹೆಂಗಸರ ದಾಖಲೆಗಳೆಲ್ಲ ಹೀಗೇ. ಫಾರಂ ತುಂಬಿದ ಹುಡುಗ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿದ್ದ ಮಾವನವರ ಹೆಸರನ್ನು ತೆಗೆದು ಸರ್‌ನೇಮ್ ಮಾಡಿಬಿಟ್ಟಿದ್ದ. ವೀಸಾದ ಪಿಡಿಎಫ್ ಬಂದಾಗ ಹೊರಡಲು ಒಂಬತ್ತು ದಿನ ಉಳಿದಿತ್ತು. ಫೋನ್ ಮಾಡಿದರೆ, "ಏನೂ ಆಗಲ್ಲ ಬಿಡ್ರೀ ಮೇಡಂ, ಯಾರೂ ನೋಡಲ್ಲ" ಅಂದರು. ವಿಮಾನ ಹತ್ತಿಸುವ ಮೊದಲು ಚೆಕ್-ಇನ್ ಕೌಂಟರಿನಲ್ಲಿ ಪಾಸ್‌ಪೋರ್ಟನ್ನೂ ವೀಸಾವನ್ನೂ ಅಕ್ಕಪಕ್ಕ ಇಟ್ಟುಕೊಂಡೇ ನೋಡುತ್ತಾರೆ. ಎಪ್ಪತ್ತು ದಾಟಿದವರನ್ನು ಅಲ್ಲಿಂದ ವಾಪಸ್ ಕರೆದುಕೊಂಡು ಬರುವ ಸ್ಥಿತಿ ನೆನೆಸಿಕೊಂಡು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕಟ್ಟಿದ ಫೀ ವಾಪಸ್ ಬರುವುದಿಲ್ಲ. ಹೊಸ ಅರ್ಜಿ, ಹೊಸ ಫೀ, ಎರಡೂ ನಮ್ಮ ಲೆಕ್ಕಕ್ಕೇ ಬಂತು. ಸರಿಯಾದ ಹೆಸರಿನ ವೀಸಾ ಕೈಸೇರಿದ್ದು ಹೊರಡುವ ಹಿಂದಿನ ದಿನ.

ಅದೇ ಫಾರಂ ಮೈದುನನ ಮನೆಯವರಿಗೆ ನಾನು ತುಂಬಿದಾಗ ಒಬ್ಬೊಬ್ಬರದಕ್ಕೆ ಅರ್ಧ ಗಂಟೆ ಹಿಡಿಯಿತು. ಪಾಸ್‌ಪೋರ್ಟಿನ ಫೋಟೊ ಪುಟ, ಮುಖದ ಫೋಟೊ, ಉಳಿಯುವ ಹೋಟೆಲಿನ ವಿಳಾಸ, ಇಳಿಯುವ ವಿಮಾನ ನಿಲ್ದಾಣ, ಇಷ್ಟೇ. ಎರಡು ಕಡೆ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಒಂದು, ವೆಬ್‌ಸೈಟ್. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನಿಸುವ ಖಾಸಗಿ ಸೈಟುಗಳು ಸಾಲುಸಾಲಾಗಿ ಬರುತ್ತವೆ. ವಿಳಾಸದ ಕೊನೆ 'ಜಿಒವಿ ಡಾಟ್ ವಿಎನ್' ಎಂದೇ ಇರಬೇಕು. ಇನ್ನೊಂದು, ಕಾರ್ಡ್. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕ್ ಆ್ಯಪಿನಲ್ಲಿ ಅದನ್ನು ಆನ್ ಮಾಡದೆ ಮೈದುನ ಎರಡು ಸಲ ಪ್ರಯತ್ನಿಸಿ ಕೈಬಿಟ್ಟಿದ್ದ. ನಾಲ್ಕನೇ ದಿನ ವೀಸಾ ಬಂತು. ಇಂಥ ಇ-ವೀಸಾಕ್ಕೆ ಏಜೆಂಟ್ ಬೇಡವೇ ಬೇಡ ಅನ್ನುವುದು ನನ್ನ ಖಚಿತ ಮಾತು.

ಯುರೋಪಿಗೆ ಹೋಗಲು ಬೇಕಾದ ಷೆಂಗೆನ್ ವೀಸಾದ ಕಥೆ ಬೇರೆ. ಒಂದೇ ವೀಸಾದಲ್ಲಿ 29 ದೇಶ ಓಡಾಡಬಹುದು. ಆದರೆ ಕೇಳುವ ಕಾಗದಗಳೆಲ್ಲ ತಿಂಗಳ ಸಂಬಳದವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂತಿವೆ: ಸ್ಯಾಲರಿ ಸ್ಲಿಪ್, ರಜೆ ಪತ್ರ, ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್. ನಮ್ಮವರಿಗೆ ಸ್ಲಿಪ್ ಎಲ್ಲಿಂದ ಬರಬೇಕು? ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಅವರು ರಿಟರ್ನ್ ಹಾಕಿದವರೂ ಅಲ್ಲ. ಖಾತೆಗೆ ದುಡ್ಡು ಬೀಳುವುದು ಅಡಿಕೆ ಮಾರಿದಾಗ ಒಟ್ಟಿಗೆ. ಮಿಕ್ಕ ತಿಂಗಳು ಗೊಬ್ಬರ, ಕೂಲಿ ಎಂದು ಹೋಗುತ್ತಲೇ ಇರುತ್ತದೆ.

ಹಾಗಾಗಿ ಮೊದಲು ಬೇರೊಬ್ಬ ಏಜೆಂಟ್ ಹತ್ತಿರ ಹೋದೆವು. ತಲೆಗೆ 6,000 ಸೇವಾ ಶುಲ್ಕ ಹೇಳಿದರು. ಜೊತೆಗೆ ಮೂರು ಸಲಹೆ ಕೊಟ್ಟರು. ಪರಿಚಯದವರಿಂದ ಐದು ಲಕ್ಷ ಖಾತೆಗೆ ಹಾಕಿಸಿಕೊಂಡು ಬ್ಯಾಲೆನ್ಸ್ ತೋರಿಸಿ. ಸ್ವಿಟ್ಜರ್ಲೆಂಡ್‌ಗೆ ಅರ್ಜಿ ಕೊಡುವ ಅಪಾಯಿಂಟ್‌ಮೆಂಟ್ ಸ್ಲಾಟ್ ಇಲ್ಲದಿದ್ದರೆ ಸ್ಲಾಟ್ ಇರುವ ದೇಶಕ್ಕೆ ಹಾಕಿ, ಅಲ್ಲೇ ಹೆಚ್ಚು ದಿನ ಉಳಿಯುವ ಹಾಗೆ ಡಮ್ಮಿ ಹೋಟೆಲ್ ಬುಕಿಂಗ್ ಮಾಡಿಕೊಡುತ್ತೇನೆ. ಅರ್ಜಿಯ ಜೊತೆ ಇಡುವ ವಿವರಣೆ ಪತ್ರ, ಕವರ್ ಲೆಟರ್, ನಮ್ಮ ಹತ್ತಿರ ರೆಡಿ ಇದೆ, ಹೆಸರು ಬದಲಾಯಿಸಿದರೆ ಸಾಕು. ಮೂರೂ ನನಗೆ ಹಿಡಿಸಲಿಲ್ಲ. ನಿಯಮ ಸ್ಪಷ್ಟವಾಗಿದೆ: ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಸುಳ್ಳು ಕಾಗದ ಸಿಕ್ಕಿಬಿದ್ದರೆ ವೀಸಾ ನಿರಾಕರಿಸಲು ಅದೊಂದೇ ಕಾರಣ ಸಾಕು. ಸಹಿ ಮಾಡುವವರು ನಾವು, ಏಜೆಂಟ್ ಅಲ್ಲ. ಅದೂ ಅಲ್ಲದೆ ಬೆರಳಚ್ಚು ಕೊಡಲು ಬೆಂಗಳೂರಿನ ವೀಸಾ ಕೇಂದ್ರಕ್ಕೆ ನಾವೇ ಹೋಗಬೇಕು. ಏಜೆಂಟ್ ಇದ್ದರೂ ರಾತ್ರಿ ಬಸ್ಸು ತಪ್ಪುವುದಿಲ್ಲ.

ಫೆಬ್ರವರಿಯಲ್ಲಿ ನಾವೇ ಶುರುಮಾಡಿದೆವು. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಬೇಸಿಗೆ ರಜೆಗೆ ಹೋಗುವವರು ಏಪ್ರಿಲ್‌ವರೆಗೆ ಕಾದರೆ ಸ್ಲಾಟಿಗೆ ಪರದಾಡಬೇಕಾಗುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ಆರು ರಾತ್ರಿ, ಇಟಲಿಯಲ್ಲಿ ಮೂರು ಎಂದು ಬರೆದುಕೊಂಡು, ಬೇಡವಾದರೆ ದುಡ್ಡು ವಾಪಸ್ ಬರುವ ಹೋಟೆಲುಗಳನ್ನೇ ನಿಜವಾಗಿ ಬುಕ್ ಮಾಡಿದೆ. ವಿಮಾನಕ್ಕೆ ರಿಸರ್ವೇಶನ್ ಮಾತ್ರ ಇಟ್ಟೆವು. ವೀಸಾ ಸಿಗುವ ಮೊದಲು ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವ ಅಗತ್ಯವಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯುರೋದ್ದು, ಷೆಂಗೆನ್ ದೇಶಗಳಿಗೆಲ್ಲ ಅನ್ವಯಿಸುವಂಥದ್ದು ಬೇಕು.

ಇನ್ನು ನಮ್ಮವರ ಆದಾಯ. ನಾವು ಇಟ್ಟದ್ದು ಪಹಣಿ, ಎರಡು ವರ್ಷದ ಮಂಡಿ ಬಿಲ್, ತೋಟ ಖೇಣಿ ಕೊಟ್ಟ (ಫಸಲನ್ನು ಗುತ್ತಿಗೆಗೆ ಕೊಟ್ಟ) ಕರಾರು. ಪಹಣಿ, ಕರಾರು ಎರಡೂ ಕನ್ನಡದಲ್ಲಿದ್ದವು. ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಹಾಕಿಸಿದೆವು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಟ್ಟಿಗೆ ಬಿದ್ದ ಮೊತ್ತದ ಪಕ್ಕ ಪೆನ್ಸಿಲಿನಲ್ಲಿ ನಂಬರ್ ಹಾಕಿ, ಅದೇ ನಂಬರನ್ನು ಮಂಡಿ ಬಿಲ್ಲಿನ ಮೇಲೂ ಬರೆದೆ. ಕವರ್ ಲೆಟರ್ ಬರೆಯಲು ಮೂರು ಸಂಜೆ ಹಿಡಿಯಿತು. ಅಡಿಕೆ ಕೊಯ್ಲು ಯಾವಾಗ, ದುಡ್ಡು ಯಾವಾಗ ಬರುತ್ತದೆ, ತೋಟದಲ್ಲಿ ಮೇ ತಿಂಗಳಲ್ಲಿ ಯಾಕೆ ಬಿಡುವು, ಮಳೆ ಹಿಡಿಯುವಷ್ಟರಲ್ಲಿ ಔಷಧಿ ಹೊಡೆಸಲು ಯಾಕೆ ವಾಪಸ್ ಬರಲೇಬೇಕು, ಎಲ್ಲವನ್ನೂ ಎರಡು ಪುಟದಲ್ಲಿ ಬರೆದೆ. ಅರ್ಜಿದಾರ ತನ್ನ ಊರಿಗೆ ವಾಪಸ್ ಹೋಗುತ್ತಾನೋ ಇಲ್ಲವೋ ಎನ್ನುವುದೇ ಅವರ ದೊಡ್ಡ ಅನುಮಾನ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸದೆ ಯಾವ ಅಡಿಕೆ ಬೆಳೆಗಾರನೂ ಮಳೆಗಾಲದಲ್ಲಿ ದೇಶ ಬಿಟ್ಟಿರಲಾರ. ಯಾವ ಏಜೆಂಟಿನ ರೆಡಿ ಪತ್ರದಲ್ಲಿ ಇದು ಇರುತ್ತದೆ, ಹೇಳಿ?

ಫೀ ದೊಡ್ಡವರಿಗೆ 90 ಯುರೋ, ಹತ್ತು ವರ್ಷದ ಮಗನಿಗೆ 45, ಮೇಲೆ ಕೇಂದ್ರದ ಸೇವಾ ಶುಲ್ಕ. 12 ವರ್ಷದೊಳಗಿನವರಿಗೆ ಬೆರಳಚ್ಚು ಇಲ್ಲ. ಹದಿಮೂರನೇ ದಿನ ಮೂರೂ ಪಾಸ್‌ಪೋರ್ಟ್ ವೀಸಾದೊಂದಿಗೆ ಕೊರಿಯರಿನಲ್ಲಿ ಬಂದವು.

ಅಕ್ಕ-ಭಾವನದು ಇದಕ್ಕಿಂತ ಬಹಳ ಸಲೀಸು. ಭಾವ ಸರ್ಕಾರಿ ನೌಕರಿಯವರು. ಟೂರ್ ಕಂಪನಿಯ ಪಟ್ಟಿಯಲ್ಲಿದ್ದ ಕಾಗದಗಳೆಲ್ಲ ಅವರ ಫೈಲಿನಲ್ಲೇ ಇದ್ದವು, ಇಲಾಖೆಯ ಎನ್‌ಒಸಿಗೆ (ಆಕ್ಷೇಪಣೆ ಇಲ್ಲ ಎನ್ನುವ ಪತ್ರಕ್ಕೆ) ಓಡಾಡಿದ್ದೊಂದೇ ಕೆಲಸ. ಫಾರಂ, ವಿಮೆ, ಹೋಟೆಲ್, ಅಪಾಯಿಂಟ್‌ಮೆಂಟ್ ಎಲ್ಲ ಕಂಪನಿಯವರದೇ. ಇಡೀ ತಂಡಕ್ಕೆ ಒಂದೇ ದಿನ ಬೆರಳಚ್ಚು ಆಯಿತು. ಅಕ್ಕನಿಗೆ ಇಂಗ್ಲಿಷ್ ಫಾರಂ ಎಂದರೆ ಗಾಬರಿ, ಅವಳಿಗೆ ಈ ನೆಮ್ಮದಿಯ ಬೆಲೆ ದೊಡ್ಡದು. ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಪ್ಯಾಕೇಜ್ ಮೊತ್ತದ ಮೇಲೆ ಆಗ 5 ಶೇಕಡಾ ಟಿಸಿಎಸ್, ಅಂದರೆ ಕಂಪನಿಯೇ ಮೊದಲು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿದರು. ರಿಟರ್ನ್ ಹಾಕುವಾಗ ಅದು ಲೆಕ್ಕಕ್ಕೆ ಸಿಗುತ್ತದೆ, ಆದರೆ ಕೈಯಿಂದ ಮೊದಲು ಹೋಗಿರುತ್ತದೆ. ಅವರ ತಂಡದಲ್ಲಿದ್ದ ಸ್ವಂತ ವ್ಯಾಪಾರದ ದಂಪತಿಗೆ ಮಾತ್ರ ವೀಸಾ ಸಿಗಲಿಲ್ಲ. ಮುಂಗಡದಲ್ಲಿ ದೊಡ್ಡ ಪಾಲು ಕ್ಯಾನ್ಸಲೇಶನ್ ಎಂದು ಮುರಿದುಕೊಂಡರಂತೆ. ಪ್ಯಾಕೇಜಿಗೆ ಹೋಗುವವರು ಮುಂಗಡ ಕೊಡುವ ಮೊದಲೇ ಕೇಳಿ: ವೀಸಾ ನಿರಾಕರಣೆಯಾದರೆ ಎಷ್ಟು ವಾಪಸ್? ಅದನ್ನು ಬರಹದಲ್ಲಿ ತೆಗೆದುಕೊಳ್ಳಿ.

ತಿಂಗಳ ಸಂಬಳ, ಮೊದಲ ಯುರೋಪ್ ಪ್ರವಾಸ, ಜೊತೆಗೆ ವಯಸ್ಸಾದವರು ಎಂದರೆ ನಾನೂ ಪ್ಯಾಕೇಜೇ ಸರಿ ಅನ್ನುತ್ತೇನೆ. ತೋಟ, ಅಂಗಡಿ, ಸ್ವಂತ ಕಸುಬಿನವರಾದರೆ ಫಾರಂ ಯಾರಿಂದಲಾದರೂ ತುಂಬಿಸಿ, ಕವರ್ ಲೆಟರ್ ಮಾತ್ರ ನೀವೇ ಬರೆಯಿರಿ.

ಇನ್ನೊಂದು ಕಾರಣಕ್ಕೂ ಅಚ್ಚುಕಟ್ಟಾಗಿ ಮಾಡುವುದು ಒಳ್ಳೆಯದು. 2024ರ ಏಪ್ರಿಲ್‌ನಿಂದ ಭಾರತದಲ್ಲಿರುವ ಭಾರತೀಯರಿಗೆ ಹೊಸ ಸೌಲಭ್ಯ ಬಂದಿದೆ. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ, ಹಲವು ಪ್ರವೇಶದ ವೀಸಾ ಸಿಗಬಹುದು. ಬೆರಳಚ್ಚನ್ನೂ 59 ತಿಂಗಳವರೆಗೆ ಮತ್ತೆ ಬಳಸುತ್ತಾರೆ.

ಅತ್ತೆಗೆ ಈಗ ದುಬೈ ನೋಡುವ ಆಸೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟುಗಳಿಗೆ ಪ್ರವಾಸಿ ವೀಸಾದಲ್ಲಿ ತಡೆ ಹಾಕಿತ್ತು, ಆಮೇಲೆ ಒಂದಿಷ್ಟು ಸಡಿಲಿಸಿತು. ಆ ಗೊಂದಲವೇ ಬೇಡವೆಂದು ಅವರ ಪಾಸ್‌ಪೋರ್ಟ್ ರೀಇಶ್ಯೂಗೆ ಹಾಕುತ್ತಿದ್ದೇವೆ. ಸರ್‌ನೇಮ್ ಜಾಗದಲ್ಲಿ ಮಾವನವರ ಹೆಸರು ಬರೆಸುತ್ತೇವೆ. ಮೊದಲು ಆಧಾರ್‌ನಲ್ಲಿ ಅದೇ ಹೆಸರು, ಅದೇ ಸ್ಪೆಲಿಂಗ್ ಆಗಬೇಕು. ಸೋಮವಾರ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು.